‘ನಮ್ಮವಳು’ ಎನ್ನುವ ಮುನ್ನ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಸಭೆಗಳಲ್ಲಿ ವಿಜಾಪುರ ಜಿಲ್ಲೆಯ ಹಿರಿಮೆ ಹೇಳುವುದಕ್ಕೊಂದು ರೂಢಿಯ ಕ್ರಮವಿದೆ. ಮೊದಲು ಬಾಗೇವಾಡಿಯ ಬಸವಣ್ಣ, ಆಮೇಲೆ ಆದಿಲಶಾಹಿಗಳು, ಬಳಿಕ ಹಲಸಂಗಿ ಗೆಳೆಯರು, ಸಿಂದಗಿ ತಾಲೂಕಿನಿಂದ ಬಂದ ಎಂ.ಎಂ. ಕಲಬುರ್ಗಿ. ಸಿನಿಮಾದ ಸರದಿ ಬಂದರೆ ಹಿಂದಿ ಚಿತ್ರಗಳ ಗಾಯಕಿ, ನಟಿ ಅಮೀರಬಾಯಿ ಕರ್ನಾಟಕಿ. ಈ ಕೊನೆಯ ಹೆಸರಿಗೆ ಬಂದಾಗ ಮಾತ್ರ ಭಾಷಣದ ಧಾಟಿ ಬದಲಾಗುತ್ತದೆ. ಉಳಿದವರ ಬಗ್ಗೆ ಬರೀ ಹೆಮ್ಮೆ. ಈಕೆಯ ಬಗ್ಗೆ ಹೆಮ್ಮೆಯ ಬೆನ್ನಿಗೇ ಒಂದು ಕೊರಗು. ‘ನಮ್ಮ ಮಣ್ಣಿನ ಮಗಳು, ಮುಂಬಯಿ ಪಾಲಾದಳು’ ಎಂಬ ಮಾತು. ನಾನೂ ಇದನ್ನು ಎಷ್ಟೋ ಸಲ ತಲೆಯಾಡಿಸುತ್ತ ಕೇಳಿದ್ದೇನೆ. ಆದರೆ ಬಿಡಿಸಿ ನೋಡಿದರೆ, ಈ ಪುಟ್ಟ ವಾಕ್ಯದಲ್ಲಿ ಮೂರು ಬೇರೆ ಬೇರೆ ಮಾತುಗಳು ಒಂದೇ ಗಂಟಿಗೆ ಬಿದ್ದಿವೆ. ಒಂದು ನಿಜ, ಒಂದು ಅರ್ಧ ನಿಜ, ಮತ್ತೊಂದನ್ನು ಹೇಳುವ ಅಧಿಕಾರ ನಮಗಿನ್ನೂ ಬಂದಿಲ್ಲ. ಮೂರನ್ನೂ ಒಟ್ಟಿಗೆ ಹೇಳಿಬಿಡುವುದರಿಂದ ಮೊದಲನೆಯದರ ನಿಜ ಉಳಿದೆರಡಕ್ಕೂ ಪುಕ್ಕಟೆ ಸಾಕ್ಷಿಯಾಗಿ ನಿಲ್ಲುತ್ತದೆ.

ಆ ಮೂರು ಮಾತುಗಳು ಇವು:

1. ಹುಟ್ಟಿನ ಮಾತು. ಅಮೀರಬಾಯಿ ಹುಟ್ಟಿದ್ದು ಬೀಳಗಿಯಲ್ಲಿ. ಇಂದು ಅದು ಬಾಗಲಕೋಟೆ ಜಿಲ್ಲೆ; 1997ರವರೆಗೆ ವಿಜಾಪುರ ಜಿಲ್ಲೆ.

2. ಕಾರಣದ ಮಾತು. ಆ ಕಂಠವನ್ನೂ ಅಭಿನಯವನ್ನೂ ಕೊಟ್ಟದ್ದು ಈ ಮಣ್ಣು, ಈ ನೀರು, ಈ ಭಾಷೆ.

3. ಹಕ್ಕಿನ ಮಾತು. ಆದ್ದರಿಂದ ಆಕೆ ನಮ್ಮವಳು. ಆಕೆ ಹಿಂದಿ ಸಿನಿಮಾದಲ್ಲಿ ದುಡಿದದ್ದು ಕನ್ನಡಕ್ಕಾದ ನಷ್ಟ.

ಹೀಗೆ ಹೇಳುವವರನ್ನು ಹಗುರಾಗಿ ಕಾಣುವುದು ಸರಿಯಲ್ಲ. ಅವರ ಮಾತಿಗೆ ಬಲವಾದ ಹಿನ್ನೆಲೆಯಿದೆ. ಬರಗಾಲದ ಜಿಲ್ಲೆ ಎಂಬ ಹೆಸರನ್ನು ಹೊತ್ತುಕೊಂಡೇ ಬಂದ ನಾಡು ಇದು. ಸಿನಿಮಾದ ಚರಿತ್ರೆ ಬರೆಯುವವರ ಕಣ್ಣು ಬೆಂಗಳೂರು-ಮೈಸೂರು ದಾಟಿ ಈಚೆ ಬರುವುದು ಅಪರೂಪ. ಹಿಂದಿಯವರಾದರೂ ಆಕೆಯನ್ನು ನೆನಪಿಟ್ಟುಕೊಂಡಿದ್ದಾರೆಯೇ ಎಂದರೆ, ಲತಾ ಮಂಗೇಶ್ಕರ್ ಅವರಿಗಿಂತ ಮೊದಲಿನ ಗಾಯಕಿಯರೆಲ್ಲರನ್ನೂ ಒಂದೇ ಪ್ಯಾರಾದಲ್ಲಿ ಮುಗಿಸಿಬಿಡುವುದು ಅಲ್ಲಿನ ರೂಢಿ. ಅಲ್ಲಿಯೂ ಇಲ್ಲ, ಇಲ್ಲಿಯೂ ಇಲ್ಲ ಎಂಬಂತಾದ ಕಲಾವಿದೆಯನ್ನು ಹುಟ್ಟಿದೂರಿನವರು ‘ನಮ್ಮವಳು’ ಎಂದು ಕರೆದರೆ ಅದರಲ್ಲಿ ಪ್ರೀತಿಯಿದೆ, ನ್ಯಾಯದ ಬೇಡಿಕೆಯೂ ಇದೆ. ನನ್ನ ತಕರಾರು ಪ್ರೀತಿಯ ಮೇಲಲ್ಲ, ಅದು ಕಟ್ಟಿಕೊಂಡ ತರ್ಕದ ಮೇಲೆ.

‘ಪಾಲಾದಳು’ ಎಂಬ ಕ್ರಿಯಾಪದದಿಂದಲೇ ಶುರುಮಾಡೋಣ. ಒಂದು ವಸ್ತು ಇನ್ನೊಬ್ಬರ ಪಾಲಾಗಬೇಕಾದರೆ ಮೊದಲು ಅದು ನಮ್ಮ ಪಾಲಿನಲ್ಲಿರಬೇಕು. ಅಮೀರಬಾಯಿ ಸಿನಿಮಾಕ್ಕೆ ಬಂದದ್ದು 1934ರ ಸುಮಾರಿಗೆ, ‘ವಿಷ್ಣುಭಕ್ತಿ’ ಚಿತ್ರದಿಂದ. ಆಗ ವಿಜಾಪುರ ಜಿಲ್ಲೆ ಯಾವ ಆಡಳಿತದಲ್ಲಿತ್ತು? ಮುಂಬಯಿ ಪ್ರಾಂತ್ಯದಲ್ಲಿ. ಬೀಳಗಿಯ ಹುಡುಗಿಗೆ ಮುಂಬಯಿ ಪರದೇಶವಲ್ಲ. ಅವಳ ಪ್ರಾಂತ್ಯದ ರಾಜಧಾನಿ. ಪರದೇಶ ಎನ್ನುವುದಾದರೆ ಬೆಂಗಳೂರನ್ನೇ ಅನ್ನಬೇಕು. ಅದು ಮಹಾರಾಜರ ಮೈಸೂರು ಸಂಸ್ಥಾನಕ್ಕೆ ಸೇರಿದ್ದು. ಈ ಎರಡು ನೆಲ ಒಂದೇ ರಾಜ್ಯವಾದದ್ದು 1956ರ ನವೆಂಬರ್ 1ರಂದು, ಆ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರಲ್ಲಿ. ಗದಗದಿಂದ ವಿಜಾಪುರ, ಇಂಡಿ ರೋಡ್ ಮೇಲೆ ಹಾದು ಹೊಟಗಿ, ಸೊಲ್ಲಾಪುರ ಮುಟ್ಟುವ ಮೀಟರ್‌ಗೇಜ್ ಗಾಡಿ ಆಗ ಈ ಜಿಲ್ಲೆಯ ಬಾಗಿಲು. ಸೊಲ್ಲಾಪುರದಲ್ಲಿ ಗಾಡಿ ಬದಲಿಸಿದರೆ ಮುಂಬಯಿ. ವಿಜಾಪುರದಿಂದ ಸೊಲ್ಲಾಪುರ ನೂರು ಕಿಲೋಮೀಟರ್ ಆಸುಪಾಸು. ಬೆಂಗಳೂರು ಐನೂರಕ್ಕೂ ಮೇಲೆ. ಈಗಲೂ ಇಂಡಿ, ಚಡಚಣದ ಕಡೆಯವರು ದವಾಖಾನೆಗೂ ಮದುವೆ ಜವಳಿಗೂ ಸೊಲ್ಲಾಪುರಕ್ಕೇ ಹೋಗುತ್ತಾರೆ. ಅದನ್ನು ಯಾರೂ ಕನ್ನಡಕ್ಕಾದ ನಷ್ಟ ಎನ್ನುವುದಿಲ್ಲ.

ಇನ್ನು ಆಕೆಯನ್ನು ಕಳೆದುಕೊಂಡಿತೆನ್ನುವ ಕನ್ನಡ ಚಿತ್ರರಂಗ ಎಲ್ಲಿತ್ತು? ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನಾ’ ತೆರೆಗೆ ಬಂದದ್ದೂ 1934ರಲ್ಲೇ. ಅದನ್ನು ಚಿತ್ರೀಕರಿಸಿದ್ದು ಕೊಲ್ಹಾಪುರದ ಸ್ಟುಡಿಯೋದಲ್ಲಿ. ಮುಂದಿನ ಹತ್ತು ವರ್ಷ ಕನ್ನಡದಲ್ಲಿ ಬಂದ ಚಿತ್ರಗಳು ಬೆರಳೆಣಿಕೆಯವು, ಅವುಗಳಿಗೂ ಮದರಾಸು, ಸೇಲಂ, ಕೊಲ್ಹಾಪುರದ ಕಡೆ ನೋಡುವುದೇ ಗತಿ. ಹುಬ್ಬಳ್ಳಿ ಹತ್ತಿರದ ಅದರಗುಂಚಿಯ ಶಾಂತಾ ಹುಬ್ಳೀಕರ್ ವಿಷಯವನ್ನೇ ನೋಡಿ. 1939ರಲ್ಲಿ ಪ್ರಭಾತ್ ಕಂಪನಿಗೆ ವಿ. ಶಾಂತಾರಾಮ್ ಮಾಡಿದ ಮರಾಠಿಯ ‘ಮಾಣೂಸ್’, ಅದರ ಹಿಂದಿ ರೂಪವಾದ ‘ಆದ್ಮಿ’ ಚಿತ್ರಗಳಲ್ಲಿ ಆಕೆಯೇ ನಾಯಕಿ. ಆಮೇಲೆ 1942ರಲ್ಲಿ ಗುಬ್ಬಿ ವೀರಣ್ಣನವರ ‘ಜೀವನ ನಾಟಕ’ದಲ್ಲಿ ಕನ್ನಡಕ್ಕೂ ಬಂದರು. ಆ ಕನ್ನಡ ಚಿತ್ರದ ನಿರ್ದೇಶಕರ ಹೆಸರು ವಹಾಬ್ ಕಾಶ್ಮೀರಿ! ಕನ್ನಡದ ನಟಿ ಮರಾಠಿಗೆ ಹೋದದ್ದು ನಷ್ಟವಾದರೆ, ವಹಾಬ್ ಕಾಶ್ಮೀರಿ ಕನ್ನಡಕ್ಕೆ ಬಂದದ್ದನ್ನು ಯಾವ ಖಾತೆಗೆ ಜಮಾ ಮಾಡಬೇಕು? ನಷ್ಟದ ಕಾಲಂ ಮಾತ್ರ ಬರೆದು ಜಮೆಯ ಕಾಲಂ ಖಾಲಿ ಬಿಟ್ಟರೆ ಅದು ಲೆಕ್ಕವಾಗುವುದಿಲ್ಲ, ಗೊಣಗಾಟವಾಗುತ್ತದೆ.

ಆಕೆಯ ಹೆಸರೇ ಒಂದು ಪುರಾವೆ. ‘ಕರ್ನಾಟಕಿ’ ಎಂಬ ಅಡ್ಡಹೆಸರು ಬೀಳಗಿಯ ಓಣಿಯಲ್ಲಿ ಯಾರಿಗಾದರೂ ಬರುವುದು ಸಾಧ್ಯವೇ? ಅಲ್ಲಿ ಎಲ್ಲರೂ ಕರ್ನಾಟಕಿಗಳೇ. ನಮ್ಮಲ್ಲಿ ಅಡ್ಡಹೆಸರು ಹುಟ್ಟುವುದು ಊರಿನಿಂದ, ಕಸುಬಿನಿಂದ, ಕೆಲವೊಮ್ಮೆ ಅಜ್ಜನ ಚೇಷ್ಟೆಯಿಂದ. ನಾಡಿನ ಹೆಸರು ಅಡ್ಡಹೆಸರಾಗಬೇಕಾದರೆ ಮನುಷ್ಯ ನಾಡಿನ ಹೊರಗೆ ನಿಂತಿರಬೇಕು. ‘ಹುಬ್ಳೀಕರ್’ ಕೂಡ ಹಾಗೆಯೇ, ಹುಬ್ಬಳ್ಳಿಯ ಹೆಸರಿಗೆ ಮರಾಠಿಯ ಪ್ರತ್ಯಯ. ಅಂದರೆ, ನಾವು ಯಾವ ಗುರುತನ್ನು ‘ನಮ್ಮದು’ ಎಂದು ಎದೆಗವಚಿಕೊಳ್ಳುತ್ತೇವೋ ಆ ಗುರುತು ಆಕೆಗೆ ಬಂದದ್ದು ಹೊರಗಿನವರ ನಡುವೆ ದುಡಿದದ್ದರಿಂದ. ಊರಲ್ಲೇ ಉಳಿದಿದ್ದರೆ ಆಕೆ ಬರೀ ಅಮೀರಬಾಯಿ, ಕರ್ನಾಟಕಿಯಾದದ್ದು ಹೊರಟದ್ದಕ್ಕೆ. ಹೊರಟದ್ದನ್ನು ನಷ್ಟವೆಂದು ಶೋಕಿಸುತ್ತ, ಅದರಿಂದಲೇ ಬಂದ ಹೆಸರಿಗೆ ಹೆಮ್ಮೆಪಡುವುದು ಒಂದೇ ಬಾಯಿಂದ ಆಗುವ ಕೆಲಸವಲ್ಲ.

ಎರಡನೆಯ ಮಾತು ಕಾರಣದ್ದು. ಇದರಲ್ಲಿ ಅರ್ಧ ನಿಜವಿದೆ ಎಂದೆ. ಧಾರವಾಡದಿಂದ ವಿಜಾಪುರದವರೆಗಿನ ಪಟ್ಟಿಯಲ್ಲಿ ಹಿಂದುಸ್ತಾನಿ ಸಂಗೀತ ಬೇರುಬಿಟ್ಟದ್ದು, ಕಂಪನಿ ನಾಟಕಗಳು ಜಾತ್ರೆಯಿಂದ ಜಾತ್ರೆಗೆ ಹಾಡನ್ನು ಹೊತ್ತು ತಿರುಗಿದ್ದು, ತತ್ವಪದ, ರಿವಾಯತ್, ಗೀಗೀಪದ ಕಿವಿಗೆ ಬೀಳದ ಮನೆಯೇ ಇಲ್ಲದ್ದು ಎಲ್ಲವೂ ಸರಿ. ಅಮೀರಬಾಯಿಯ ಕುಟುಂಬಕ್ಕೂ ರಂಗಭೂಮಿಯ ನಂಟಿತ್ತು. ಆದರೆ ಇವೆಲ್ಲ ಮಣ್ಣಿನ ಗುಣಗಳಲ್ಲ. ಜನರ, ಕಂಪನಿಗಳ, ಉಸ್ತಾದರ ಕೆಲಸ. ಕುಂದಗೋಳದ ಸವಾಯಿ ಗಂಧರ್ವರಿಗೆ ಕಲಿಸಿದ ಅಬ್ದುಲ್ ಕರೀಂ ಖಾನರು ಉತ್ತರದ ಕಿರಾನಾದಿಂದ ಬಂದವರು, ಮೀರಜಿನಲ್ಲಿ ನೆಲೆಸಿದವರು. ಇನ್ನೂ ಹಿಂದೆ ಹೋದರೆ, ವಿಜಾಪುರದ ಗಾದಿಯ ಮೇಲೆ 1580ರಿಂದ 1627ರವರೆಗೆ ಕುಳಿತ ಎರಡನೆಯ ಇಬ್ರಾಹಿಂ ಆದಿಲಶಾಹ ದಖ್ಖನಿಯಲ್ಲಿ ‘ಕಿತಾಬ್-ಎ-ನವರಸ್’ ಎಂಬ ಹಾಡಿನ ಪುಸ್ತಕ ಬರೆದು ಅದರಲ್ಲಿ ಸರಸ್ವತಿಯನ್ನೂ ಗಣಪತಿಯನ್ನೂ ನೆನೆದ. ಅವನ ವಂಶದ ಮೂಲಪುರುಷನೇ ಹೊರನಾಡಿನಿಂದ ಬಂದವನು. ನಾವು ಬೇರು ಎನ್ನುವುದು ಹೆಚ್ಚಾಗಿ ಹಳೆಯ ಪ್ರಯಾಣದ ಕೊನೆಯ ನಿಲ್ದಾಣ. ಮಣ್ಣೇ ಕಾರಣವೆನ್ನುವವರು ಇನ್ನೊಂದು ಪ್ರಶ್ನೆಗೂ ಉತ್ತರ ಹೇಳಬೇಕು. ಅದೇ ಮಣ್ಣಿನಲ್ಲಿ ಹುಟ್ಟಿ, ಅಷ್ಟೇ ಇಂಪಾದ ಕಂಠವಿದ್ದು, ಬೀಸುವ ಕಲ್ಲಿನ ಮುಂದೆಯೇ ಹಾಡಿ ಮುಗಿದುಹೋದವರೆಷ್ಟು? ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬರಂಥ ಹಲಸಂಗಿ ಗೆಳೆಯರು ಅಂಥವರ ಹಾಡುಗಳನ್ನು ಬರೆದಿಟ್ಟರು; ಪುಸ್ತಕದ ಹೆಸರು ‘ಗರತಿಯ ಹಾಡು’. ಗರತಿಯರ ಹೆಸರು ಅದರಲ್ಲಿಲ್ಲ. ಮಣ್ಣು ಎಲ್ಲರಿಗೂ ಒಂದೇ ಇತ್ತು. ಅಮೀರಬಾಯಿಗೆ ಹೆಚ್ಚಾಗಿ ಸಿಕ್ಕಿದ್ದು ಕಂಪನಿ, ಗ್ರಾಮಫೋನು, ಸ್ಟುಡಿಯೋ. ಅವು ಇದ್ದದ್ದು ರೈಲಿನ ಆ ತುದಿಯಲ್ಲಿ.

ಆ ತುದಿಯಲ್ಲಿ ಆದದ್ದೇನು ಎಂಬುದನ್ನು ಒಂದು ಚಿತ್ರದ ಮಟ್ಟಿಗಾದರೂ ಹತ್ತಿರದಿಂದ ನೋಡಬೇಕು. 1943ರ ‘ಕಿಸ್ಮತ್’, ಬಾಂಬೆ ಟಾಕೀಸ್ ತೆಗೆದದ್ದು. ಕಲ್ಕತ್ತೆಯ ರಾಕ್ಸಿ ಥೇಟರಿನಲ್ಲಿ ಮೂರು ವರ್ಷಕ್ಕೂ ಮಿಕ್ಕಿ ಓಡಿದ ಚಿತ್ರ. ತೆರೆಯ ಮೇಲೆ ಕುಂಟುವ ಕಾಲಿನ ನಾಯಕಿ ಹಾಡುತ್ತಾಳೆ. ಮುಖ ಪಂಜಾಬಿನ ಮುಮ್ತಾಜ್ ಶಾಂತಿಯದು, ದನಿ ಬೀಳಗಿಯ ಅಮೀರಬಾಯಿಯದು. ರಾಗ ಹಾಕಿದ ಅನಿಲ್ ಬಿಸ್ವಾಸ್ ಪೂರ್ವ ಬಂಗಾಳದ ಬಾರಿಸಾಲದವರು, ಹಾಡು ಬರೆದ ಪ್ರದೀಪ್ ಉಜ್ಜಯಿನಿ ಬಳಿಯ ಬಡನಗರದವರು, ನಾಯಕ ಅಶೋಕ್ ಕುಮಾರ್ ಭಾಗಲ್ಪುರದಲ್ಲಿ ಹುಟ್ಟಿದ ಬಂಗಾಳಿ. ಇವರಲ್ಲಿ ಯಾರ ತವರಿಗೂ ಈ ಹಾಡು ಸೇರಿದ್ದಲ್ಲ; ಒಬ್ಬರನ್ನು ತೆಗೆದರೂ ಅದು ಆ ಹಾಡಾಗುತ್ತಿರಲಿಲ್ಲ. ಇದರಲ್ಲಿ ‘ನಮ್ಮ ಪಾಲು’ ಎಂದು ಕತ್ತರಿಸಿ ತೆಗೆಯಲು ಹೊರಟರೆ ಕೈಗೆ ಬರುವುದು ಒಂದು ಊರಿನ ಹೆಸರು ಮಾತ್ರ. ಆಕೆ ಮುಂದೆ ಗುಜರಾತಿಯಲ್ಲಿ, ಮರಾಠಿಯಲ್ಲಿ ಹಾಡಿದರು. 1948ರಲ್ಲಿ ‘ಶಹನಾಜ್’ ಚಿತ್ರಕ್ಕೆ ತಾವೇ ಸಂಗೀತ ನೀಡಿದರು. ಅಂದಿನ ಹೆಣ್ಣೊಬ್ಬಳಿಗೆ ಅದು ಸಣ್ಣ ಮಾತಲ್ಲ. ನಮ್ಮ ವೇದಿಕೆಗಳಲ್ಲಿ ಈ ಸಂಗತಿ ಕೇಳಿಬಂದದ್ದು ನನಗೆ ನೆನಪಿಲ್ಲ. ‘ಕನ್ನಡ ಕೋಗಿಲೆ’ ಎಂಬ ಬಿರುದು ಮಾತ್ರ ತಪ್ಪದೆ ಬರುತ್ತದೆ.

ಇಲ್ಲಿ ಒಂದು ಗಟ್ಟಿ ಆಕ್ಷೇಪಣೆ ಏಳುತ್ತದೆ. ಅದನ್ನು ತಪ್ಪಿಸಿಕೊಂಡು ಹೋಗುವಂತಿಲ್ಲ. ‘ಮೂಲಕ್ಕೆ ಬೆಲೆಯಿಲ್ಲ ಅಂತೀರಿ. ಹಾಗಾದರೆ ಯಾರು ಯಾರ ಪಾತ್ರವನ್ನಾದರೂ ಮಾಡಬಹುದು ಅಂದಹಾಗಾಯಿತು. ಆಗ ಬಲವಿದ್ದವರೇ ಎಲ್ಲರ ಪಾತ್ರವನ್ನೂ ಮಾಡುತ್ತಾರೆ. ಬಲವಿಲ್ಲದವರು ಪ್ರೇಕ್ಷಕರಾಗಿಯೇ ಉಳಿಯುತ್ತಾರೆ.’ ಈ ಭಯ ಸುಳ್ಳಲ್ಲ. ಪರ್ಲ್ ಬಕ್ ಅವರ ಕಾದಂಬರಿಯನ್ನು ಹಾಲಿವುಡ್ 1937ರಲ್ಲಿ ಚಿತ್ರ ಮಾಡಿದಾಗ ಚೀನಾದ ರೈತ ಹೆಂಗಸಿನ ಪಾತ್ರಕ್ಕೆ ಜರ್ಮನಿಯಲ್ಲಿ ಹುಟ್ಟಿದ ಲೂಯಿಸ್ ರೈನರ್ ಆಯ್ಕೆಯಾದರು, ಆಸ್ಕರ್ ಪಡೆದರು. ಅಲ್ಲೇ ಇದ್ದ ಚೀನೀ ಮೂಲದ ತಾರೆ ಆನಾ ಮೇ ವಾಂಗ್‌ಗೆ ಆ ಪಾತ್ರ ದಕ್ಕಲಿಲ್ಲ. ಆದರೆ ಈ ಅನ್ಯಾಯದ ಗಂಟು ಎಲ್ಲಿದೆ ನೋಡಿ. ಜರ್ಮನಿಯಾಕೆ ಚೀನಾದವಳಾಗಿ ನಟಿಸಿದ್ದರಲ್ಲಿ ಅಲ್ಲ. ಚೀನೀ ಮೂಲದವಳಿಗೆ ಆ ಬಾಗಿಲನ್ನೂ, ಉಳಿದ ಬಾಗಿಲುಗಳನ್ನೂ ಮುಚ್ಚಿದ್ದರಲ್ಲಿ. ಇದೇ ಮಾತನ್ನು ನಮ್ಮ ಕಡೆಯ ಉದಾಹರಣೆಯಿಂದ ಇನ್ನೂ ಸ್ಪಷ್ಟವಾಗಿ ಹೇಳಬಹುದು. ಅಮೀರಬಾಯಿಯ ಅಕ್ಕ-ತಂಗಿಯರಲ್ಲಿ ಒಬ್ಬರಾದ ಗೋಹರಬಾಯಿ ಕರ್ನಾಟಕಿ ಮರಾಠಿಯ ಬಾಲಗಂಧರ್ವರ ಕಂಪನಿ ಸೇರಿದರು. ಬಾಲಗಂಧರ್ವರು ಸ್ತ್ರೀಪಾತ್ರದಿಂದಲೇ ದಂತಕಥೆಯಾದ ಗಂಡಸು. ಆ ಪಾತ್ರಗಳನ್ನು ಗೋಹರಬಾಯಿ ಮಾಡತೊಡಗಿದಾಗ ಮರಾಠಿ ರಸಿಕರಲ್ಲಿ ಹಲವರು ಮುನಿದರು. ಗಂಡಸು ಹೆಂಗಸಾಗಿ ಬಂದರೆ ಒಪ್ಪಿದ್ದವರಿಗೆ ಹೆಂಗಸೇ ಹೆಂಗಸಾಗಿ ಬಂದದ್ದು ಒಗ್ಗಲಿಲ್ಲ. ಆಕೆ ಕನ್ನಡದವಳು, ಮುಸ್ಲಿಮಳು ಎಂಬುದೂ ಸೇರಿಕೊಂಡಿತು. ರಕ್ತಕ್ಕೆ ತಕ್ಕ ಪಾತ್ರ ಎಂಬ ನಿಯಮ ಇಟ್ಟರೆ ಬಾಲಗಂಧರ್ವರೇ ಇರುವುದಿಲ್ಲ; ನಿಯಮವನ್ನು ಆಕೆಯೊಬ್ಬಳಿಗೆ ಮಾತ್ರ ಹಚ್ಚಿದರೆ ಗೋಹರಬಾಯಿ ಇರುವುದಿಲ್ಲ.

ಇದೇ ಪ್ರಶ್ನೆಗೆ ಇವತ್ತಿನ ಲೋಕದಲ್ಲೊಂದು ಕನ್ನಡಿ ಬೇಕೆಂದರೆ ಫ್ರಾನ್ಸಿನ ನಟಿ ಲಿನ್ ಡಾನ್ ಫಾಮ್ ಅವರನ್ನು ನೋಡಬಹುದು. 1974ರಲ್ಲಿ ಸೈಗಾನಿನಲ್ಲಿ ಹುಟ್ಟಿ, ಕೂಸಾಗಿದ್ದಾಗಲೇ ಮನೆಯವರೊಂದಿಗೆ ಫ್ರಾನ್ಸಿಗೆ ಬಂದವರು. 1992ರ ‘ಇಂಡೋಚೀನ್’ ಚಿತ್ರದಲ್ಲಿ ರಬ್ಬರ್ ತೋಟದ ಫ್ರೆಂಚ್ ಒಡತಿಯಾದ ಕ್ಯಾಥರಿನ್ ಡೆನವ್‌ಗೆ ಸಾಕುಮಗಳಾಗಿ ನಟಿಸಿದರು. ಚಿತ್ರಕ್ಕೆ ವಿದೇಶೀ ಭಾಷೆಯ ಆಸ್ಕರ್ ಬಂತು. ಆಮೇಲೆ ಹತ್ತಕ್ಕೂ ಹೆಚ್ಚು ವರ್ಷ ಫ್ರೆಂಚ್ ಸಿನಿಮಾದಲ್ಲಿ ಆಕೆಯ ಹೆಸರು ಬಹುತೇಕ ಕೇಳಲಿಲ್ಲ. ಅದಕ್ಕೆ ಆಕೆಯ ಸ್ವಂತ ಆಯ್ಕೆಯೂ ಕಾರಣವಿದ್ದೀತು. 2005ರಲ್ಲಿ ಜಾಕ್ ಓದಿಯಾರ್ ಅವರ ಚಿತ್ರದಿಂದ ಮರಳಿದರು. ಪಾತ್ರ ಯಾವುದು? ಪಿಯಾನೋ ಕಲಿಸುವ, ಫ್ರೆಂಚ್ ಭಾಷೆ ಬಾರದ, ಏಷ್ಯಾದಿಂದ ಹೊಸದಾಗಿ ಬಂದ ಹುಡುಗಿಯದು. ಫ್ರಾನ್ಸಿನಲ್ಲೇ ಬೆಳೆದವರಿಗೆ ಫ್ರಾನ್ಸಿನ ದೊಡ್ಡ ಪ್ರಶಸ್ತಿಯಾದ ಸೆಸಾರ್ ಬಂದದ್ದು ಫ್ರೆಂಚ್ ಬಾರದವಳಂತೆ ನಟಿಸಿದ್ದಕ್ಕೆ. ಅದು ಅಪ್ಪಟ ನಟನೆ, ಪ್ರಶಸ್ತಿ ನ್ಯಾಯವಾದದ್ದೇ. ನಾನು ಬೊಟ್ಟು ಮಾಡುತ್ತಿರುವುದು ಬೇರೆ ಕಡೆಗೆ. ಆ ಚಿತ್ರದ ಜನ ಆಕೆಯ ಮುಖ ನೋಡಿ ಮೂಲವನ್ನು ಹೊರಿಸಿದರು. ವಿಯೆಟ್ನಾಮಿನವರು ‘ನಮ್ಮವಳು’ ಎಂದರೆ ಅವರೂ ಅದೇ ಮೂಲವನ್ನು ಹೊರಿಸುತ್ತಾರೆ. ಒಬ್ಬರದು ಬೇಲಿ, ಇನ್ನೊಬ್ಬರದು ಹಾರ. ಎರಡರ ಕೆಳಗಿರುವ ನಂಬಿಕೆ ಒಂದೇ: ಮನುಷ್ಯಳ ಕೆಲಸಕ್ಕಿಂತ ಮೊದಲು ಅವಳ ಹುಟ್ಟು ಮಾತಾಡಬೇಕು. ಮೂಲದ ನಿಜವಾದ ಉಪಯೋಗ ನನಗೆ ಕಾಣುವುದು ಒಂದೇ. ಯಾರಿಗೆ ಬಾಗಿಲು ಮುಚ್ಚಿದೆ ಎಂದು ತಿಳಿಯಲು ಅದು ಬೇಕು. ಯಾರು ಏನು ಮಾಡಬಲ್ಲರು ಎಂದು ತಿಳಿಯಲು ಅದು ಬೇಡ.

ಈ ಅಳತೆಗೋಲನ್ನು ಮನೆಗೆ ತಂದರೆ ಮುಜುಗರ ನಮ್ಮದೇ. ಕನ್ನಡ ಸಿನಿಮಾದಲ್ಲಿ ಸಿಂದಗಿಯ ಮಾತಾಡುವ ಹೆಣ್ಣುಪಾತ್ರ ಎಂದರೆ ಏನು ನೆನಪಾಗುತ್ತದೆ? ‘ಯಾಕ್ರೀ, ಏನ್ರೀ’ ಎಂದು ಎರಡು ಮಾತಿಗೊಮ್ಮೆ ಎಳೆಯುವ, ಜೋಳದ ರೊಟ್ಟಿ ಹಿಡಿದು ನಗಿಸುವ ಪಾತ್ರ. ವೈದ್ಯೆ, ವಕೀಲೆ, ಪ್ರೇಮಿಸುವವಳು, ಕೊಲೆ ಮಾಡುವವಳು ಎಲ್ಲರೂ ಬೆಂಗಳೂರಿನ ಪುಸ್ತಕದ ಕನ್ನಡವನ್ನೇ ಆಡಬೇಕು. ಅಂದರೆ ಇಂಡಿಯ ಹುಡುಗಿ ಬೆಂಗಳೂರಿನ ಆಡಿಷನ್‌ಗೆ ಹೋದರೆ ಅವಳ ಮುಂದೆ ಎರಡೇ ದಾರಿ. ಮಾತು ತಿದ್ದಿಕೊಂಡು ನಾಯಕಿಯಾಗಬೇಕು, ಇಲ್ಲವೇ ಮಾತು ಉಳಿಸಿಕೊಂಡು ನಗೆಪಾಟಲಾಗಬೇಕು. ಲಿನ್ ಡಾನ್ ಫಾಮ್‌ಗೆ ಪ್ಯಾರಿಸಿನಲ್ಲಿ ಮುಖದಿಂದ ಆದದ್ದು ಇವಳಿಗೆ ಸ್ವಂತ ರಾಜ್ಯದಲ್ಲಿ ನಾಲಿಗೆಯಿಂದ ಆಗುತ್ತದೆ. ಅಮೀರಬಾಯಿಯನ್ನು ಮುಂಬಯಿ ಕಸಿದುಕೊಂಡಿತೆಂದು ಕೊರಗುವವರು ಇದರ ಬಗ್ಗೆ ಒಂದು ಠರಾವು ಪಾಸು ಮಾಡಿದ್ದನ್ನು ನಾನು ಕಂಡಿಲ್ಲ. ಮುಂಬಯಿ ಕನಿಷ್ಠ ಆಕೆಯ ಉಚ್ಚಾರವನ್ನು ಗೇಲಿಮಾಡಲು ಬಳಸಲಿಲ್ಲ. ಮೈಕಿನ ಮುಂದೆ ನಿಲ್ಲಿಸಿ ನಾಯಕಿಯ ದನಿಯನ್ನಾಗಿ ಮಾಡಿತು.

ಉಳಿದದ್ದು ಹಕ್ಕಿನ ಮಾತು. ‘ತರ್ಕ ಏನೇ ಇರಲಿ, ಸಣ್ಣ ಊರಿಗೆ ಹೆಮ್ಮೆ ಬೇಕಲ್ಲ? ಅದನ್ನೂ ಕಿತ್ತುಕೊಂಡರೆ ಉಳಿಯುವುದೇನು?’ ಎಂದು ಕೇಳಬಹುದು. ಹೆಮ್ಮೆ ಬೇಡವೆನ್ನುವ ಒಣ ಪಂಡಿತ ನಾನಲ್ಲ. ಆದರೆ ‘ನಮ್ಮ’ ಎಂಬ ಸರ್ವನಾಮಕ್ಕೆ ಒಂದು ಕಾಲವಿದೆ. ಅಮೀರಬಾಯಿ ಮತ್ತು ಗೋಹರಬಾಯಿ ಹುಡುಗಿಯರಾಗಿದ್ದಾಗ, ಹೆಣ್ಣು ಕಂಪನಿ ಸೇರಿದಳೆಂದರೆ ಮನೆತನದ ಹೆಸರು ಕೆಟ್ಟಿತೆನ್ನುತ್ತಿದ್ದ ಸಮಾಜ ಇದು. ರಾತ್ರಿ ನಾಟಕ ನೋಡಿ ಕಣ್ಣೀರು ಹಾಕಿದವರು ಬೆಳಿಗ್ಗೆ ಅದೇ ನಟಿಗೆ ಬಾಡಿಗೆಗೆ ಕೋಣೆ ಕೊಡಲು ಹಿಂದೆಮುಂದೆ ನೋಡುತ್ತಿದ್ದರು. ಜಾತ್ರೆಗೆ ಬರುವ ಕಂಪನಿಯ ಕಲಾವಿದೆಯರ ಬಗ್ಗೆ ಈಗಲೂ ಕಟ್ಟೆಯ ಮೇಲೆ ಆಡುವ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ಬದುಕಿದ್ದಾಗ, ದುಡಿಯುತ್ತಿದ್ದಾಗ ‘ಕಂಪನಿಯಾಕಿ’. ಹೆಸರಾದ ಮೇಲೆ, ಸತ್ತ ಮೇಲೆ ‘ನಮ್ಮ ಮಣ್ಣಿನ ಮಗಳು’. ಕೊಡುವ ಕಾಲದಲ್ಲಿ ಕೈ ಹಿಂದಿಟ್ಟುಕೊಂಡು ಹಂಚುವ ಕಾಲದಲ್ಲಿ ಪಾಲು ಕೇಳುವುದಕ್ಕೆ ನಮ್ಮ ಕಡೆಯ ಪಂಚಾಯ್ತಿಗಳಲ್ಲಿ ಒಳ್ಳೆಯ ಹೆಸರಿಲ್ಲ.

ಹೆಮ್ಮೆ ಪಡುವ ಹಕ್ಕು ಕೆಲಸದಿಂದ ಬರುತ್ತದೆ ಎಂಬುದಕ್ಕೂ ಈ ಕಥೆಯಲ್ಲೇ ನಿದರ್ಶನವಿದೆ. ಆಕೆಯ ಜೀವನವನ್ನು ಹುಡುಕಿ ಕನ್ನಡದಲ್ಲಿ ಪುಸ್ತಕ ಮಾಡಿದವರು ರಹಮತ್ ತರೀಕೆರೆ. ಹೆಸರೇ ಹೇಳುವಂತೆ ಅವರು ಚಿಕ್ಕಮಗಳೂರು ಜಿಲ್ಲೆಯ ಕಡೆಯವರು. ಬೀಳಗಿಯವರಲ್ಲ, ಇಂಡಿಯವರಲ್ಲ. ಹಾಗಾದರೆ ಅಮೀರಬಾಯಿಯನ್ನು ‘ನಮ್ಮವಳು’ ಎನ್ನುವ ಹಕ್ಕು ಅವರಿಗೆ ಹೆಚ್ಚೋ, ಅಲ್ಲೇ ಹುಟ್ಟಿ ಆಕೆಯ ಒಂದು ಹಾಡನ್ನೂ ಪೂರ್ತಿ ಕೇಳದ ನಮಗೆ ಹೆಚ್ಚೋ? ನನ್ನ ತೀರ್ಪು ಮೊದಲನೆಯವರ ಕಡೆಗೆ. ಆಕೆಯ ಹಾಡುಗಳನ್ನು ಕೇಳಿಸಿ ವಿವರಿಸುವ ಒಂದು ಸಂಜೆಯನ್ನು ಈ ನಾಲ್ಕು ತಾಲೂಕಿನ ಯಾವುದಾದರೂ ಕಾಲೇಜು ಏರ್ಪಡಿಸಿದರೆ ಆ ಹಕ್ಕಿನ ಮೊದಲ ಕಂತು ಸಂದಂತೆ. ಶಾಲು ಹೊದಿಸಲು ಆಕೆ ಇಲ್ಲವಾದ್ದರಿಂದ ಖರ್ಚೂ ಕಡಿಮೆ.

ದಿನ ಯಾವುದಿಟ್ಟುಕೊಳ್ಳಬೇಕೆಂದು ಯೋಚಿಸಬೇಕಿಲ್ಲ. ‘ಸತಿ ಸುಲೋಚನಾ’ ತೆರೆಕಂಡದ್ದು 1934ರ ಮಾರ್ಚ್ 3ರಂದು. ಕನ್ನಡ ವಾಕ್ಚಿತ್ರದ ಹುಟ್ಟುಹಬ್ಬವೆಂದು ಆ ದಿನವನ್ನು ನೆನೆಯುತ್ತಾರೆ. ಅಮೀರಬಾಯಿ ಕರ್ನಾಟಕಿ ತೀರಿಕೊಂಡದ್ದು 1965ರ ಮಾರ್ಚ್ 3ರಂದು.